ಮಕ್ತುಮಬಿಯ ಕಿವಿಗೆ ಮಾತ್ರ

ಹುಬ್ಬಳ್ಳಿ, ಕೇಶ್ವಾಪುರ
18 ಜೂನ್ 1937

ತಂಗಿ ಮಕ್ತುಮಬಿಗೆ ಅಣ್ಣ ಮಕಬೂಲಸಾಬನ ಸಲಾಮು.

ನಾನು ಇಲ್ಲಿ ಆರಾಮ ಇದ್ದೇನೆ ಎಂದು ಮೊದಲು ಬರೆಯಬೇಕು, ಬರೆದಿದ್ದೇನೆ. ಆದರೆ ಮಂಗಳವಾರದಿಂದ ಅಂಗಡಿಯಲ್ಲಿ ಕೈ ಓಡುತ್ತಿಲ್ಲ. ನಾಲ್ಕು ಸೈಕಲ್ಲುಗಳು ಗಾಲಿ ಬಿಚ್ಚಿಕೊಂಡು ಎದುರಿಗೆ ಬಿದ್ದಿವೆ. ಅವತ್ತು ನಿಮ್ಮೂರ ಶೇವಂತೆವ್ವ ಬೆಣ್ಣೆ ಮಾರಲು ಬಂದವಳು ನನ್ನ ಅಂಗಡಿಯ ಮುಂದೆ ಬುಟ್ಟಿ ಇಳಿಸಿ, "ನಿನ್ನ ತಂಗಿಗೆ ಭಾಳ ಸೊಕ್ಕ ಬಂದೈತಿ ನೋಡು" ಎಂದಳು. "ಬಾವಿ ಕಟ್ಟಿ ಹತ್ರ ಮೂರ ಸಲ ಕರದೆ. ಹೊಳ್ಳಿ ಸೈತ ನೋಡಲಿಲ್ಲ. ಕಿವ್ಯಾಗ ಅರಳಿ ತುರುಕ್ಕೊಂಡು ಹಂಗ ನಡದ್ಲು."

ಕರೆದರೆ ಓಗೊಡದವಳಲ್ಲ ನೀನು. ಹಾಗಾದರೆ ಯಾರೋ ನಿನಗೆ ತಾಕೀತು ಮಾಡಿದ್ದಾರೆ. ಶೇವಂತೆವ್ವ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬರುವವಳು, ನಿನ್ನ ಸುದ್ದಿ ನನಗೆ ಮುಟ್ಟಿಸುವವಳು ಎಂಬುದು ನಿಮ್ಮ ಓಣಿಗೆಲ್ಲ ಗೊತ್ತು. ಅವಳ ಕೂಡ ಮಾತಾಡಬೇಡ ಎಂದವರು ಯಾರು? ನಿನ್ನ ಅತ್ತೆ ತಾಜಬಿಯೋ, ಗಂಡನೋ?

ಕಿವಿ ಮತ್ತೆ ಸೋರುತ್ತಿದೆಯೇನು? ಚಿಕ್ಕವಳಿದ್ದಾಗ ಮಳೆಗಾಲಕ್ಕೆ ಸೋರುತ್ತಿತ್ತು, ಚಳಿ ಬಿದ್ದರೆ ನಿಲ್ಲುತ್ತಿತ್ತು. ಮದುವೆಯಾಗಿ ಆರು ವರ್ಷ ಅದರ ಮಾತೇ ಇರಲಿಲ್ಲ. ಈಗ ಯಾಕೆ ಶುರುವಾಯಿತು? ಇಲ್ಲಿಯ ದವಾಖಾನೆಗೆ ಮುಂಬೈಯಲ್ಲಿ ಕಲಿತ ಕಿವಿಯ ಡಾಕ್ಟರರು ಬಂದಿದ್ದಾರೆ. ಅವರ ಕಂಪೌಂಡರನ ಸೈಕಲ್ಲು ನನ್ನಲ್ಲಿಗೇ ರಿಪೇರಿಗೆ ಬರುತ್ತದೆ. ಕೇಳಿದೆ. "ದೊಡ್ಡಾಕಿ ಆದಮ್ಯಾಲೆ ಸೋರಾಕತ್ತಿದ್ರ ಕಪಾಳಕ್ಕ ಏಟು ಬಿದ್ದಿರಬೇಕ್ರಿ. ಒಳಗಿನ ಪರದೆ ಹರದಿರತೈತಿ" ಎಂದ. ಕೇಳಬಾರದ್ದನ್ನು ಕೇಳುತ್ತೇನೆ. ಶರೀಫಸಾಬ ನಿನ್ನನ್ನು ಹೊಡೆಯುತ್ತಾನೆಯೇ? ಬಾಯಿಬಿಟ್ಟು ನಾಲ್ಕು ಮಾತಾಡದ ಮನುಷ್ಯ ಅವನು. ಅಂಥವರನ್ನು ನಾನು ಮೊದಲಿನಿಂದಲೂ ನಂಬಿದವನಲ್ಲ.

ಗುರುಸಿದ್ದಯ್ಯ ಮಾಸ್ತರರೇ, ಅಕ್ಷರ ಬಾರದ ನನ್ನ ತಂಗಿಗೆ ಪತ್ರ ಓದಿ ಹೇಳುವವರು ನೀವು. ಈ ಪತ್ರ ಅವಳ ಕಿವಿಗೆ ಮಾತ್ರ. ಮನೆಯವರು ಯಾರೂ ಇಲ್ಲದಾಗ ಓದಿ, ಒಲೆಗೆ ಹಾಕಿಬಿಡಿರಿ.

ನಿನ್ನ ಅಣ್ಣ
ಮಕಬೂಲಸಾಬ


ಉಪ್ಪಿನಬೆಟಗೇರಿ
2 ಜುಲೈ 1937

ಅಣ್ಣನಿಗೆ ಮಕ್ತುಮಬಿಯ ಸಲಾಮು. ಕೈಬರಹ ಗುರುಸಿದ್ದಯ್ಯ ಮಾಸ್ತರರದು.

ನಿನ್ನ ಪತ್ರ ಬಂತು. ಎಲ್ಲರಿಗೂ ಮುಟ್ಟಿತು.

ನಾನು ಆರಾಮ ಇದ್ದೇನೆ. ಎಡಗಿವಿ ಒಂದಿಷ್ಟು ಒಸರುತ್ತದೆ, ಅಷ್ಟೇ. ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಬಿಡುತ್ತಾರೆ. ಶೇವಂತೆವ್ವ ಕರೆದದ್ದು ನನಗೆ ತಿಳಿಯಲಿಲ್ಲ, ಅವತ್ತು ಗಾಳಿ ಜೋರಿತ್ತು. ಸಿಟ್ಟಾಗಬೇಡ ಎಂದು ಅವಳಿಗೆ ಹೇಳು.

ಮನೆಯವರು ಎಂದೂ ನನ್ನ ಮೇಲೆ ಕೈ ಎತ್ತಿದವರಲ್ಲ. ಇಂಥದನ್ನೆಲ್ಲ ಪತ್ರದಲ್ಲಿ ಬರೆಯಬಾರದು ಅಣ್ಣಾ, ಕೈ ಮುಗಿಯುತ್ತೇನೆ. ನಿನ್ನ ಪತ್ರ ಬಂದಾಗಿನಿಂದ ಅವರು ಉಣ್ಣಲು ಕೂತರೂ ತಲೆ ಎತ್ತುವುದಿಲ್ಲ.

ಅತ್ತೆಯ ತಂಗಿಯ ಮಗಳು ಅಬೀದಾ ಬಂದಿದ್ದಾಳೆ. ರೊಟ್ಟಿ ಬಡಿಯುವುದು, ನೀರು ತರುವುದು ಎಲ್ಲ ಅವಳೇ. ನನಗೆ ಕೆಲಸವೇ ಇಲ್ಲ ಎಂದರೂ ಸರಿ.

ಸದ್ಯಕ್ಕೆ ಹುಬ್ಬಳ್ಳಿಗೆ ಬರಲಾಗುವುದಿಲ್ಲ. ನೀನೂ ಬರಬೇಡ. ಮಳೆ ಹಿಡಿದಿದೆ, ಎರೆಮಣ್ಣಿನ ದಾರಿಯಲ್ಲಿ ಚಕ್ಕಡಿಯ ಗಾಲಿ ಹೂತುಹೋಗುತ್ತದೆ.

ನಿನ್ನ ತಂಗಿ
ಮಕ್ತುಮಬಿ


ಹುಬ್ಬಳ್ಳಿ
6 ಜುಲೈ 1937

ತಂಗಿ,

ನಿನ್ನ ಪತ್ರ ಹತ್ತು ಸಲ ಓದಿದೆ. ಓದಿದಷ್ಟೂ ಅದು ನಿನ್ನದಲ್ಲ ಎನಿಸಿತು.

"ಎಲ್ಲರಿಗೂ ಮುಟ್ಟಿತು" ಎಂದರೇನು? ನಿನಗೊಬ್ಬಳಿಗೆ ಬರೆದ ಪತ್ರ ಎಲ್ಲರಿಗೂ ಹೇಗೆ ಮುಟ್ಟಿತು? ನಿನ್ನ ಕೈಗೆ ಬರುವ ಮೊದಲೇ ಅದನ್ನು ಒಡೆದು ನೋಡುತ್ತಾರೆ, ಅಲ್ಲವೇ? "ನೀನೂ ಬರಬೇಡ" ಎಂದು ನೀನಾಗಿ ಹೇಳುವ ಮಾತಲ್ಲ ಅದು. ಅಣ್ಣ ಬರುತ್ತಾನೆಂದರೆ ಹೊಸ್ತಿಲ ಮೇಲೆ ಕೂತು ದಾರಿ ಕಾಯುತ್ತಿದ್ದವಳು ನೀನು. ಹಿಂದೆ ನಿಂತು ಯಾರೋ ಹೇಳಿಸಿದ್ದಾರೆ, ಮಾಸ್ತರರು ಬರೆದುಕೊಂಡಿದ್ದಾರೆ.

ಇನ್ನು ಆ ಅಬೀದಾ. ನಾನೇನು ಕೂಸಲ್ಲ. ಹೆಂಡತಿ ಗಟ್ಟಿಮುಟ್ಟಾಗಿರುವಾಗ ಮದುವೆಯ ವಯಸ್ಸಿನ ಹುಡುಗಿಯನ್ನು ತಂದು ಒಲೆಯ ಮುಂದೆ ಕೂರಿಸುವುದು ಯಾಕೆ? ಇಂದು ಒಲೆ ಅವಳದು, ನಾಳೆ ಮನೆಯೂ ಅವಳದಾಗುತ್ತದೆ. ನಿನ್ನ ಅತ್ತೆಯ ಲೆಕ್ಕಾಚಾರ ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ಕಿವಿಗೆ ಔಷಧ ಮಾಡಿಸದೆ ಬಿಟ್ಟಿರುವುದೂ ಅದಕ್ಕೇ ಇರಬೇಕು.

ಈಗ ನಾನು ಹೇಳಿದಂತೆ ಮಾಡು. ನೀನು ಖರೇ ಸುಖವಾಗಿದ್ದರೆ ಮುಂದಿನ ಪತ್ರದಲ್ಲಿ "ಕುಂಬಳಬಳ್ಳಿ ಹೂ ಬಿಟ್ಟಿದೆ" ಎಂದು ಬರೆಸು. ಕಷ್ಟದಲ್ಲಿದ್ದರೆ "ಆಡು ಈದಿದೆ" ಎಂದು ಬರೆಸು. ಯಾರಿಗೂ ಸುಳಿವು ಹತ್ತುವುದಿಲ್ಲ. ಆಡು ಈದ ಸುದ್ದಿ ಮುಟ್ಟಿದ ದಿನವೇ ಅಂಗಡಿಗೆ ಬೀಗ ಹಾಕಿ ಹೊರಟುಬರುತ್ತೇನೆ.

ನಿನ್ನ ಅಣ್ಣ
ಮಕಬೂಲಸಾಬ


ಉಪ್ಪಿನಬೆಟಗೇರಿ
21 ಜುಲೈ 1937

ಅಣ್ಣಾ,

ಕುಂಬಳಬಳ್ಳಿ ಹೂ ಬಿಟ್ಟಿದೆ. ಆಡೂ ಈದಿದೆ. "ಎರಡೂ ಬರಸು, ಅವರಿಗೆ ಯಾವದು ಬೇಕೋ ಅದನ್ನ ಇಟ್ಕೊಳ್ಳಲಿ" ಎಂದು ಮನೆಯವರೇ ಹೇಳಿದರು.

ಅಬೀದಾ ಹೋದಳು. ಅವಳಪ್ಪ ಬಂದು, ಅಂಗಳದಲ್ಲೇ ನಿಂತು, ಒಂದು ತಂಬಿಗೆ ನೀರೂ ಮುಟ್ಟದೆ ಕರೆದುಕೊಂಡು ಹೋದ. ಅವಳು ಅಳುತ್ತ ಹೋದಳು. ನಾನೂ ಅತ್ತುಬಿಟ್ಟೆ. ನಿನಗೆ ಇನ್ನೇನು ಹೇಳಲಿ?

ಮಕ್ತುಮಬಿ

ರಾಜಮಾನ್ಯ ಮಕಬೂಲಸಾಬ ಅವರಿಗೆ, ಮೇಲಿನದನ್ನು ಬರೆದ ಗುರುಸಿದ್ದಯ್ಯನ ವಿನಂತಿ. ಇಲ್ಲಿಂದ ಕೆಳಗಿನದು ನನ್ನ ಸ್ವಂತದ ಮಾತು. ನಿಮ್ಮ ತಂಗಿಗೆ ಇದು ಗೊತ್ತಿಲ್ಲ. ಬರೆಯಬೇಡಿರೆಂದು ಅವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಆಣೆ ಮುರಿಯುತ್ತಿದ್ದೇನೆ.

ಅವರಿಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಯುಗಾದಿಯ ಹೊತ್ತಿಗೇ ಕಟ್ಟಿಕೊಂಡಿತ್ತು, ಈಗ ಬಲಗಿವಿಯೂ ಮಂದವಾಗಿದೆ. ಎದುರಿಗೆ ಕೂತು ಗಂಟಲು ಹರಿಯುವಂತೆ ಕೂಗಿದರೆ ಮಾತ್ರ ತಿಳಿಯುತ್ತದೆ. ನೀವು ಗುಟ್ಟಾಗಿ ಓದಿರೆಂದು ಬರೆಯುತ್ತೀರಿ. ಮೊದಲ ಪತ್ರದ ದಿನ ನಾನು ಎಲ್ಲರನ್ನೂ ಆಚೆ ಕಳಿಸಿಯೇ ಓದಲು ಕೂತೆ. ಜನರನ್ನು ಕಳಿಸಬಹುದು, ನನ್ನ ದನಿಯನ್ನು ಎಲ್ಲಿಗೆ ಕಳಿಸಲಿ? "ಶರೀಫಸಾಬ ನಿನ್ನನ್ನು ಹೊಡೆಯುತ್ತಾನೆಯೇ" ಎಂಬ ಸಾಲನ್ನು ಅವರಿಗೆ ತಿಳಿಯದೆ ಮೂರು ಸಲ ಕೂಗಬೇಕಾಯಿತು. ಓಣಿಯ ಹೆಣ್ಣುಮಕ್ಕಳು ಬೀಸುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದರು. ಶರೀಫಸಾಬ ಗೋಡೆಯ ಆಚೆ ಅರಳೆ ಹಿಂಜುತ್ತಿದ್ದ. ಅವನ ಹಿಂಜುವ ಬಿಲ್ಲಿನ ಸಪ್ಪಳ ಅಲ್ಲಿಗೆ ನಿಂತಿತು. ಎರಡನೆಯ ಪತ್ರವನ್ನೂ ಹಾಗೆಯೇ ಕೂಗಬೇಕಾಯಿತು. ನಿಮ್ಮ ಕುಂಬಳಬಳ್ಳಿ, ಆಡಿನ ಗುಟ್ಟು ಈಗ ಸಾಲೆಯ ಮಕ್ಕಳ ಬಾಯಲ್ಲಿದೆ, ಅಬೀದಾಳ ಮೇಲಿನ ಮಾತು ಅವಳಪ್ಪನ ಕಿವಿಗೂ ಮುಟ್ಟಿತು. ಮುಂದೆ ಏನು ಬರುತ್ತದೆಂದು ಮೊದಲೇ ಮನಸ್ಸಿನಲ್ಲಿ ಓದಿಕೊಳ್ಳಬೇಕಿತ್ತು. ಅದು ನನ್ನ ತಪ್ಪು.

ನಿಮಗೆ ತಿಳಿಯದ ಇನ್ನೊಂದು ಸಂಗತಿ. ಅವರನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ಯಲು ಶರೀಫಸಾಬ ಜೂನ್ ತಿಂಗಳಲ್ಲೇ ಚಕ್ಕಡಿ ಗೊತ್ತುಮಾಡಿದ್ದ. ಅದೇ ವಾರ ನಿಮ್ಮ ಪತ್ರ ಬಂತು. ಈಗ ಅವನು ಹೇಳುವುದು ಇಷ್ಟು: "ಈಗ ಒಯ್ದರ ಅಂಜಿ ಒಯ್ದ ಅಂತಾರ. ಅಲ್ಲಿ ಏನರ ಹೆಚ್ಚುಕಡಿಮಿ ಆದ್ರ ಹೊಡದದ್ದು ಮುಚ್ಚಾಕ ಒಯ್ದ ಅಂತಾರ. ಅವರಣ್ಣ ಬಂದು ಮುಂದ ನಿಂತು ಕರಕೊಂಡ ಹೋಗಲಿ." ಅವನು ನಿಮ್ಮ ದಾರಿ ಕಾಯುತ್ತಿದ್ದಾನೆ. ನೀವು ಬರಬಾರದೆಂದು ನಿಮ್ಮ ತಂಗಿ ಹಟ ಹಿಡಿದಿದ್ದಾರೆ. "ನಾ ಕೆಪ್ಪಿ ಆಗೇನಿ ಅಂತ ಗೊತ್ತಾದ್ರ ನಮ್ಮಣ್ಣ ಜಗಳಾ ತಗದು ನನ್ನ ಒಯ್ತಾನ, ಹೊಳ್ಳಿ ಈ ಮನಿಗೆ ಕಳಸೂದಿಲ್ಲ" ಎಂಬ ಭಯ ಅವರಿಗೆ.

ಅಬೀದಾ ಬಂದಿದ್ದದ್ದು ಇವರಿಗೆ ತಲೆ ತಿರುಗಿ ಒಲೆಯ ಮುಂದೆ ಬಿದ್ದದ್ದರಿಂದ. ಅವಳು ಹೋದ ಮೇಲೆ ಮತ್ತೆ ಇವರೇ ಕೊಡ ಹೊರುತ್ತಿದ್ದಾರೆ. ಎಡಗಿವಿಯ ಹಿಂದೆ ಬಾವು ಎದ್ದಿದೆ. ದಯಮಾಡಿ ಬನ್ನಿರಿ.

ಗುರುಸಿದ್ದಯ್ಯ


ಹುಬ್ಬಳ್ಳಿ
25 ಜುಲೈ 1937

ಗುರುಸಿದ್ದಯ್ಯ ಮಾಸ್ತರರಿಗೆ ಮಕಬೂಲಸಾಬನ ನಮಸ್ಕಾರ.

ನಿಮ್ಮ ಅಕ್ಷರ ಚೆಂದ, ಮಾತೂ ಚೆಂದ. ನನಗೆ ಸಂಶಯ ಬಂದದ್ದೂ ಅದಕ್ಕೇ. ಐದು ವಾರ ಬಾಯಿ ಮುಚ್ಚಿಕೊಂಡಿದ್ದ ನಿಮಗೆ ಈಗ ಒಮ್ಮೆಲೇ ಕನಿಕರ ಉಕ್ಕಿತೇ? ಪತ್ರಗಳನ್ನು ಆ ಮನೆಯವರು ಒಡೆದು ಓದಿದ್ದು ಹೊರಗೆ ಬಿದ್ದಿತು, ಅದನ್ನು ಮುಚ್ಚಲು "ಕೂಗಿ ಓದಿದೆ" ಎಂದು ನೀವು ಕಥೆ ಕಟ್ಟಿದಿರಿ ಎಂದು ನಾನು ತಿಳಿದರೆ ತಪ್ಪೇ? ನಿಮ್ಮ ಮನೆಯ ಗಾದಿಗಳ ಅರಳೆ ಹಿಂಜಿಕೊಟ್ಟವರು ಯಾರು ಎಂದು ನಾನು ಕೇಳುವುದಿಲ್ಲ.

ನನ್ನ ತಂಗಿ ಕೆಪ್ಪಿಯಾಗಿದ್ದರೆ ನನಗೆ ತಿಳಿಯದೆ ಇರುತ್ತಿತ್ತೇ? ಕಳೆದ ವರ್ಷ ಈದಿಗೆ ಬಂದಿದ್ದಳು, ಎಲ್ಲ ಮಾತಿಗೂ ನಗುತ್ತಿದ್ದಳು. ಈಗ ಕೂತು ನೆನೆಯುತ್ತೇನೆ. ನಕ್ಕಿದ್ದೇ ಹೆಚ್ಚು, ಉತ್ತರ ಕೊಟ್ಟದ್ದು ಕಡಿಮೆ. ಆದರೂ ನಾನು ನಂಬಲಾರೆ.

ನಾನು ಬಂದರೆ ಶರೀಫಸಾಬ ಮೊದಲೇ ಸಜ್ಜಾಗಿರುತ್ತಾನೆ. ಆದ್ದರಿಂದ ಶೇವಂತೆವ್ವನಿಗೆ ಹೇಳಿದ್ದೇನೆ. ಮುಂದಿನ ಸಂತೆ ಮುಗಿಸಿ ಊರಿಗೆ ಹೋದಾಗ ಸುಳಿವು ಕೊಡದೆ ಮನೆಗೆ ಹೋಗಿ, ಹಿಂದಿನಿಂದ ಕರೆದು ನೋಡಬೇಕು. ಅವಳು ಬಂದು ನಿಜವೆಂದರೆ ಮರುಕ್ಷಣ ಹೊರಡುತ್ತೇನೆ.

ಇದನ್ನು ಮಾತ್ರ ಕೂಗಬೇಡಿರಿ.

ಮಕಬೂಲಸಾಬ


ಉಪ್ಪಿನಬೆಟಗೇರಿ
3 ಆಗಸ್ಟ್ 1937

ಮಕಬೂಲಸಾಬ ಭಾವನವರಿಗೆ ಶರೀಫಸಾಬನ ಸಲಾಮು. ನಾನು ಹೇಳಿದ್ದನ್ನು ಮಾಸ್ತರರು ಬರೆಯುತ್ತಿದ್ದಾರೆ.

ನೀವು ಕಳಿಸಿದ ಶೇವಂತೆವ್ವ ನಿನ್ನೆ ಬಂದಿದ್ದಳು. ಮಕ್ತುಮಬಿ ಜೋಳ ಕೇರುತ್ತ ಕೂತಿದ್ದಳು. ಶೇವಂತೆವ್ವ ಬೆನ್ನ ಹಿಂದೆ ನಿಂತು ಕರೆದಳು. ಚಪ್ಪಾಳೆ ತಟ್ಟಿದಳು. ಒಂದು ತಾಟನ್ನು ನೆಲಕ್ಕೆ ಒಗೆದಳು. ಇವಳು ಕೇರುತ್ತಲೇ ಇದ್ದಳು. ಶೇವಂತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ನಿಮ್ಮ ಪರೀಕ್ಷೆ ಮುಗಿಯಿತು.

ನಾನು ನಿಮಗಾಗಿ ಕಾದದ್ದು ತಪ್ಪಾಯಿತು. ಜನರ ಬಾಯಿಗೆ ಅಂಜಿದೆ. ಬಾವು ಈಗ ಅಡಿಕೆಯಷ್ಟಾಗಿದೆ, ಮೂರು ದಿನದಿಂದ ಮೈ ಸುಡುತ್ತಿದೆ. ಯಾರು ಏನಂದರೂ ಸರಿ. ಗುರುವಾರ ಬೆಳಿಗ್ಗೆ ಚಕ್ಕಡಿ ಕಟ್ಟಿ ಧಾರವಾಡಕ್ಕೆ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬರುತ್ತೇವೆ. ನೀವು ಸ್ಟೇಶನ್ನಿಗೆ ಬಂದರೆ ಬನ್ನಿರಿ, ಇಲ್ಲದಿದ್ದರೆ ದವಾಖಾನೆಯ ದಾರಿ ಕೇಳಿಕೊಂಡು ಹೋಗುತ್ತೇನೆ. ನಾನು ಹೊಡೆದದ್ದೋ ಅಲ್ಲವೋ ಎಂಬುದನ್ನು ಅಲ್ಲಿಯ ಡಾಕ್ಟರರ ಬಾಯಿಂದಲೇ ಕೇಳಿಕೊಳ್ಳಿರಿ.

ಶರೀಫಸಾಬ


ಹುಬ್ಬಳ್ಳಿ
22 ಸೆಪ್ಟೆಂಬರ್ 1937

ಶರೀಫಸಾಬ ಅವರಿಗೆ ಮಕಬೂಲಸಾಬನ ಸಲಾಮು.

ನೀವು ಊರಿಗೆ ಮರಳಿ ಹದಿನೈದು ದಿನವಾಯಿತು. ದವಾಖಾನೆಯ ಜಗುಲಿಯ ಮೇಲೆ ಒಂದು ತಿಂಗಳು ನಾವಿಬ್ಬರೂ ಎದುರುಬದುರು ಕೂತೆವು. ದಿನಾ ಚಹಾ ತಂದು ನಿಮ್ಮ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದೆ. ಬಾಯಿ ತೆರೆಯಲು ಆಗಲಿಲ್ಲ. ಆಡಬೇಕಾದ್ದನ್ನು ಈಗ ಬರೆಯುತ್ತಿದ್ದೇನೆ.

ಆಪರೇಶನ್ನಿನ ದಿನ ಡಾಕ್ಟರ್ ಸಾಹೇಬರು ನನ್ನನ್ನು ಒಳಗೆ ಕರೆದು ಒಂದು ತಟ್ಟೆ ತೋರಿಸಿದರು. ಮಕ್ತುಮಬಿಯ ಎರಡೂ ಕಿವಿಗಳಿಂದ ತೆಗೆದ ಅರಳೆ ಅದರಲ್ಲಿತ್ತು. ಒಂದರ ಹಿಂದೆ ಒಂದು, ಕಪ್ಪಾಗಿ ಗಟ್ಟಿಯಾದ ಉಂಡೆಗಳು. ನೋಡಿದ ಕೂಡಲೇ ನಿಮ್ಮ ತಾಯಿಯ ಮೇಲೆ ಸಂಶಯಪಟ್ಟೆ. ಆಗಲೂ ನನ್ನ ಬುದ್ಧಿ ಅಷ್ಟೇ. ಎಚ್ಚರವಾದ ಮೇಲೆ ತಂಗಿಯನ್ನು ಕೇಳಿದೆ. ವಾಸನೆ ನಿಮಗೆ ಬರಬಾರದೆಂದು ದಿನಾ ತಾನೇ ಹೊಸ ಅರಳೆ ಇಟ್ಟುಕೊಳ್ಳುತ್ತಿದ್ದಳಂತೆ. ಹಳೆಯದು ಹೊರಗೆ ಬಾರದಿದ್ದರೆ ಅದರ ಮೇಲೆಯೇ ಇನ್ನೊಂದು. ಅದನ್ನು ಕಲಿಸಿದವಳು ನಮ್ಮ ಅವ್ವ. ನಮ್ಮದೂ ಪಿಂಜಾರರ ಮನೆ, ಅರಳೆಗೆ ಬರವಿರಲಿಲ್ಲ. ಹಲ್ಲು ನೋಯಲಿ, ಕಿವಿ ಸೋರಲಿ, ಗಾಯವಾಗಲಿ, ಎಲ್ಲಕ್ಕೂ ಅರಳೆ. ಮೆತ್ತಗಿನದು ಬೇಕೆಂದು ಅವಳ ಕಿವಿಗೆ ಅರಳೆ ಆರಿಸಿ ಕೊಡುತ್ತಿದ್ದವನು ನಾನೇ. ಏಟಿನ ಗುರುತು ಎಲ್ಲಿಯೂ ಇಲ್ಲ ಎಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದರು.

ಇನ್ನೊಂದು ವಾರ ತಡವಾಗಿದ್ದರೆ ಕೀವು ತಲೆಗೆ ಏರಿ ಜೀವವೇ ಹೋಗುತ್ತಿತ್ತಂತೆ. ಜೀವ ಉಳಿಯಿತು, ಬಲಗಿವಿ ಉಳಿಯಿತು. ಎಡಗಿವಿ ಹೋಯಿತು. ಆಗ ಡಾಕ್ಟರರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, "ಜೂನಿನ್ಯಾಗ ತಂದಿದ್ರ ಎರಡೂ ಕಿವಿ ಉಳೀತಿದ್ದುವು. ಯಾರು ತಡಾ ಮಾಡಿದವರು?" ಎಂದು ಕೇಳಿದರು. ನಿಮಗೆ ನೆನಪಿದೆ. ನಾನು ಸುಮ್ಮನೆ ನಿಂತೆ. ಅವರು ನಿಮ್ಮ ಕಡೆ ತಿರುಗಿ, "ನಿಮ್ಮ ಎತ್ತಿಗೆ ಹಿಂಗ ಆಗಿದ್ರ ಎರಡ ತಿಂಗಳು ಸುಮ್ಮನ ಕುಂದರತಿದ್ರೇನು?" ಎಂದು ಬೈದರು. ದವಾಖಾನೆಯ ಮಂದಿಯೆಲ್ಲ ನೋಡುತ್ತಿದ್ದರು. ನೀವು ತಲೆ ತಗ್ಗಿಸಿ "ತಪ್ಪಾತ್ರಿ" ಎಂದಿರಿ. ಆಗಲೂ ನಾನು ಸುಮ್ಮನೆ ನಿಂತೆ.

ಆ ಎರಡು ತಿಂಗಳನ್ನು ತಿಂದವನು ನಾನು. ನನ್ನ ತಂಗಿಯ ಎಡಗಿವಿ ಹೋದದ್ದು ನನ್ನ ಪತ್ರಗಳಿಂದ. ನೀವು ಗೊತ್ತುಮಾಡಿದ ಚಕ್ಕಡಿಯನ್ನು ನಿಲ್ಲಿಸಿದವನು ನಾನು. ಪರರ ಮಗಳಾದ ಅಬೀದಾಳಿಗೆ ಕೆಟ್ಟ ಹೆಸರು ತಂದವನು ನಾನು. ಮಾಸ್ತರರಂಥ ಸಜ್ಜನರಿಗೆ ಸುಳ್ಳುಗಾರ ಎಂದವನೂ ನಾನು. ಶರೀಫಸಾಬ, ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿರಿ. ಕಾಲು ಹಿಡಿಯಬೇಕೆಂದರೆ ಬಂದು ಹಿಡಿಯುತ್ತೇನೆ.

ಗುರುಸಿದ್ದಯ್ಯ ಮಾಸ್ತರರೇ, ಈ ಪತ್ರವನ್ನು ಅಂಗಳದಲ್ಲಿ ನಿಂತು ಓಣಿಯೆಲ್ಲ ಕೇಳುವಂತೆ ಕೂಗಿ ಓದಿರಿ. ನನ್ನ ತಂಗಿಗೆ ತಿಳಿಯದಿದ್ದರೆ ಮೂರು ಸಲ ಓದಿರಿ. ಶರೀಫಸಾಬನ ಮೇಲೆ ನಾನು ಹೊರಿಸಿದ ಮಾತು ಯಾರು ಯಾರ ಕಿವಿಗೆ ಬಿದ್ದಿದೆಯೋ ಅವರಿಗೆಲ್ಲ ಇದೂ ಬೀಳಲಿ.

ಮಕಬೂಲಸಾಬ


ಉಪ್ಪಿನಬೆಟಗೇರಿ
4 ಅಕ್ಟೋಬರ್ 1937

ಅಣ್ಣನಿಗೆ ಮಕ್ತುಮಬಿಯ ಸಲಾಮು.

ಈ ಪತ್ರವನ್ನು ಸಾಲೆಗೇ ಬಂದು ಬರೆಸುತ್ತಿದ್ದೇನೆ. ಮನೆಯವರಿಗೆ ಹೇಳಿಲ್ಲ.

ಗಾಯ ಒಣಗಿದೆ. ಬಲಗಿವಿಯಿಂದ ಹತ್ತಿರದ ಮಾತು ಕೇಳಿಸುತ್ತದೆ. ಮನೆಯವರು ಅರಳೆ ಹಿಂಜುವಾಗ ಪಕ್ಕದಲ್ಲಿ ಕೂತರೆ ಬಿಲ್ಲಿನ ಸಪ್ಪಳವೂ ಕೇಳಿಸುತ್ತದೆ. ಮೊದಲ ದಿನ ಕೇಳಿಸಿದಾಗ ಅಲ್ಲಿಯೇ ಕೂತು ಅತ್ತುಬಿಟ್ಟೆ. ಎಡಗಿವಿಯ ಆಸೆ ಬಿಟ್ಟಿದ್ದೇನೆ. ಅದು ನನ್ನ ಹಣೆಯಲ್ಲಿ ಬರೆದಿರಲಿಲ್ಲ, ಯಾರನ್ನು ಅಂದು ಏನು ಮಾಡಲಿ? ಅಬೀದಾಳ ಅಪ್ಪನ ಮನೆಗೆ ಮನೆಯವರೇ ಹೋಗಿ ಮಾತಾಡಿ ಬಂದಿದ್ದಾರೆ. ಬರುವ ವಾರ ಅವಳು ಬರುತ್ತಾಳೆ.

ಈಗ ನಿನ್ನನ್ನು ಕೇಳುತ್ತೇನೆ. ನೀನು ಮನೆಯವರಿಗೆ ಏನು ಬರೆದೆ? ನಿನ್ನ ಪತ್ರ ತೆಗೆದುಕೊಂಡು ಮಾಸ್ತರರು ಅಂಗಳಕ್ಕೆ ಬಂದರು, ಕೂಗಲೆಂದು ಗಂಟಲು ಸರಿಮಾಡಿಕೊಂಡರು. ಮನೆಯವರು ಅವರ ಕೈ ಹಿಡಿದು, "ಮಾಸ್ತರ, ಒಳಗ ಬರ್ರಿ. ಸಣ್ಣಗ ಓದ್ರಿ, ಆಕಿಗೆ ನಾ ಹೇಳತೇನಿ" ಎಂದರು. ಒಳಗೆ ಹೋಗಿ ಕದ ಮುಚ್ಚಿಕೊಂಡರು. ನಾಲ್ಕು ಹಾಳೆಯ ಪತ್ರ ಅಣ್ಣಾ, ನನ್ನ ಕಣ್ಣಾರೆ ಕಂಡಿದ್ದೇನೆ. ಹೊರಗೆ ಬಂದು ನನ್ನ ಬಲಗಿವಿಯ ಹತ್ತಿರ ಬಾಗಿ ಅವರು ಹೇಳಿದ್ದು ಒಂದೇ ಮಾತು: "ನಿಮ್ಮಣ್ಣ ಆರಾಮ ಅದಾನಂತ."

ನನಗೆ ಕೇಳಿಸದಿದ್ದರೂ ಕಾಣಿಸುತ್ತದೆ. ಅವರ ಕಣ್ಣು ಕೆಂಪಾಗಿತ್ತು. ಪತ್ರವನ್ನು ಒಲೆಗೆ ಹಾಕಿದರು. ಅವತ್ತು ಅರ್ಧ ರೊಟ್ಟಿ ತಿಂದು ಎದ್ದರು. "ಆ ಹುಬ್ಬಳ್ಳಿಯವ ಮತ್ತೇನು ಹೊಲಸು ಬರದಾನ" ಎಂದು ಅತ್ತೆ ಬೈಯತೊಡಗಿದಾಗ ಮನೆಯವರು ಮೊದಲ ಸಲ ತಾಯಿಯ ಮೇಲೆ ದನಿ ಎತ್ತಿದರು. "ಅವ್ವಾ, ಆ ಮನಷ್ಯಾನ ಸುದ್ದಿ ಇನ್ನ ಮ್ಯಾಲೆ ಈ ಮನ್ಯಾಗ ಯಾರೂ ಹಗರ ಮಾತಾಡಬಾರದು" ಎಂದರು. ಅಷ್ಟು ನೋಯಿಸಿದವನ ಪರ ಹಾಗೆ ಮಾತಾಡುತ್ತಾರೆ. ಮಾಸ್ತರರನ್ನು ಕೇಳಿದೆ, ಅವರೂ ಬಾಯಿ ಬಿಡುವುದಿಲ್ಲ. ಈ ಸಲ ಆಣೆ ಮುರಿಯುವುದಿಲ್ಲ ಎಂದರು.

ಹಾಗಾದರೆ ನೀನು ಎಂಥ ಮಾತು ಬರೆದಿರಬೇಕು! ಒಂದು ತಿಂಗಳು ದವಾಖಾನೆಯ ಕಲ್ಲಿನ ಮೇಲೆ ಮಲಗಿ ನನ್ನನ್ನು ಉಳಿಸಿಕೊಂಡ ಮನುಷ್ಯ ಅವರು. ನೀನು ಅವರ ಕೂಡ ಒಂದು ಮಾತಾಡಲಿಲ್ಲ. ಚಹಾ ತಂದು ಪಕ್ಕದಲ್ಲಿ ಕುಕ್ಕಿ ಹೋಗುತ್ತಿದ್ದೆ, ನಾನು ಕಿಟಕಿಯಿಂದ ನೋಡುತ್ತಿದ್ದೆ. ಈಗ ಮನೆಗೆ ಬಂದ ಮೇಲೂ ಅವರನ್ನು ಬಿಡಲೊಲ್ಲೆಯಾ?

ಹುಟ್ಟಿದಾಗಿನಿಂದ ನಿನ್ನ ಮಾತಿಗೆ ಎದುರಾಡಿದವಳಲ್ಲ ನಾನು. ಇವತ್ತು ಹೇಳುತ್ತೇನೆ ಕೇಳು. ನೀನು ಅವರಿಗೆ ತಪ್ಪಾಯಿತು ಎಂದು ಬರೆಯುವವರೆಗೆ ನಾನು ನಿನಗೆ ಇನ್ನೊಂದು ಪತ್ರ ಬರೆಸುವುದಿಲ್ಲ.

ಮಕ್ತುಮಬಿ